ಬಾಗಿಲ ಮೇಲಿನ ಮೂರು ಅಕ್ಷರ

ಕಳೆದ ತಿಂಗಳು ಪುಣೆಯ ಬಿಬವೇವಾಡಿಯಲ್ಲಿ ನಮ್ಮ ಮನೆಯ ಕೆಳಗೆ ಒಬ್ಬ ಬಡಿಗ ಹೊಸ ಅಂಗಡಿಯ ಬಾಗಿಲಿಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದ. ಕಾಯಿಪಲ್ಯದ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದವಳು ಆ ವಾಸನೆಗೆ ಅರ್ಧದಲ್ಲೇ ನಿಂತೆ. ಸ್ವಲ್ಪ ಕಮಟು, ಸ್ವಲ್ಪ ಮೀನಿನ ಹಾಗೆ, ಅದರ ಬೆನ್ನಿಗೇ ಮೂಗಿಗೆ ಚುಚ್ಚುವ ಟರ್ಪೆಂಟೈನ್. ಐವತ್ತು ವರ್ಷಗಳಿಂದ ಆ ಎರಡು ವಾಸನೆಗಳನ್ನು ನಾನು ಒಟ್ಟಿಗೆ ಕುಡಿದಿರಲಿಲ್ಲ. ಮೇಲಿನಿಂದ ಮೊಮ್ಮಗಳು ಎರಡು ಸಲ ಕರೆದಳಂತೆ. ನನಗೆ ಕೇಳಿಸಿದ್ದು ಒದ್ದೆ ತಗಡಿನ ಮೇಲೆ ಕಲ್ಲು ಉಜ್ಜುವ ಸಪ್ಪಳ…

ಆ ವಾಸನೆಯ ಮನುಷ್ಯನನ್ನು ನಾವು ಪೇಂಟರ್ ಕಾಕಾ ಎನ್ನುತ್ತಿದ್ದೆವು. ಗೋಕಾಕದ ಕಡೆಯವರು. ಅವರ ಮನೆತನ ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಹಚ್ಚುವವರದು. ಗೊಂಬೆಯಿಂದ ಹೊಟ್ಟೆ ತುಂಬದೆ ಎಳೆಯ ವಯಸ್ಸಿನಲ್ಲಿ ಪುಣೆಗೆ ಬಂದು ಮೊದಲು ಟಾಂಗಾಗಳಿಗೆ, ಆಮೇಲೆ ಸಾಹುಕಾರರ ಕುದುರೆಗಾಡಿಗಳಿಗೆ, ಮೋಟಾರು ಹೆಚ್ಚಾದ ಮೇಲೆ ಮೋಟಾರುಗಳಿಗೆ ಬಣ್ಣ ಹಚ್ಚುತ್ತ ನಾನಾ ಪೇಠೆಯ ಒಂದು ಗಲ್ಲಿಯಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದರು. ನಾನು ಕಂಡಾಗ ಐವತ್ತು ದಾಟಿತ್ತು. ತೆಳ್ಳಗಿನ ಮೈ, ಬಿಳಿ ಟೊಪ್ಪಿಗೆ. ಉಗುರುಗಳ ಸಂದಿಯಲ್ಲಿ ಯಾವಾಗಲೂ ಒಂದಲ್ಲ ಒಂದು ಬಣ್ಣ ಇರುತ್ತಿತ್ತು.

ನಮ್ಮ ಅಪ್ಪ ಡಾಕ್ಟರು. ಧಾರವಾಡ ಬಿಟ್ಟು ಪುಣೆಗೆ ಬಂದು ಪೇಠೆಯೊಳಗೆ ದವಾಖಾನೆ ತೆರೆದಿದ್ದರು. ಬೆಳಗ್ಗೆ ಓಣಿಯ ಜನರನ್ನು ನೋಡುತ್ತಿದ್ದರು, ಮಧ್ಯಾಹ್ನ ದಂಡಿನವರಿದ್ದ ಕ್ಯಾಂಪಿಗೆ ಹೋಗಿ ಒಂದೆರಡು ಬಿಳಿಯರ ಮನೆಗಳನ್ನೂ ನೋಡಿ ಬರುತ್ತಿದ್ದರು. ಒಬ್ಬ ಪಾರ್ಸಿ ಗೃಹಸ್ಥರು ಊರು ಬಿಡುವಾಗ ಮಾರಿದ ಕಪ್ಪು ಕಾರು ನಮ್ಮಲ್ಲಿತ್ತು. ಹಿಂದೆ ಕುದುರೆ ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಅದು ನಿಲ್ಲುತ್ತಿತ್ತು. ಸಾತಾರಾ ಕಡೆಯ ಡ್ರೈವರ್ ಒಬ್ಬರು ಏಳು ವರ್ಷದಿಂದ ಅದನ್ನು ನಡೆಸುತ್ತಿದ್ದರು. ಅವರು ದಿನಾ ಬೆಳಗ್ಗೆ ಕಾರನ್ನು ಒರೆಸುವಾಗ ತಮ್ಮ ಕೊರಳ ವಸ್ತ್ರವನ್ನೇ ಬಳಸುತ್ತಿದ್ದರು. ಬೇರೆ ಅರಿವೆ ಕೊಟ್ಟರೆ ಅದರಲ್ಲಿ ಉಸುಕು ಇರುತ್ತದೆ ಎಂದು ತೆಗೆದುಕೊಳ್ಳುತ್ತಿರಲಿಲ್ಲ.

ನಲವತ್ತೆರಡರ ಆಗಸ್ಟ್ ತಿಂಗಳು. ನನಗೆ ಹತ್ತೊಂಬತ್ತು. ಕಾಲೇಜು ಮುಚ್ಚಿತ್ತು, ನಾವೆಲ್ಲ ಬೀದಿಯಲ್ಲಿದ್ದೆವು. ಒಂದು ದಿನ ಲಕ್ಷ್ಮೀ ರಸ್ತೆಯಲ್ಲಿ ನಮ್ಮ ಮೆರವಣಿಗೆ ಹೊರಟಿತ್ತು. ಸಣ್ಣ ಮಳೆ. ಹುಡುಗಿಯರು ಮುಂದೆ, ಹುಡುಗರು ಹಿಂದೆ. ಎದುರಿಗೆ ಒಂದು ಕಾರು ಬಂದು ಹಾರ್ನ್ ಮಾಡಿತು. ಯಾರೂ ಸರಿಯಲಿಲ್ಲ. ಮತ್ತೆ ಹಾರ್ನ್. ಆ ಸದ್ದು ನನಗೆ ಗೊತ್ತಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಅಪ್ಪ, ತೊಡೆಯ ಮೇಲೆ ಔಷಧದ ಚೀಲ. ಕ್ಯಾಂಪಿನ ಒಬ್ಬ ಅಧಿಕಾರಿಯ ಹೆಂಡತಿಗೆ ಎರಡು ದಿನದಿಂದ ಜ್ವರ ಇಳಿದಿರಲಿಲ್ಲ ಎಂಬುದು ಮನೆಯಲ್ಲಿ ನಮಗೆಲ್ಲ ತಿಳಿದ ಸಂಗತಿ. ಕಡೆಗೆ ನಾವೇ ಎರಡು ಪಾಲಾಗಿ ದಾರಿ ಬಿಟ್ಟೆವು. ಕಾರು ನನ್ನ ಮಗ್ಗುಲಿಗೆ ಬಂದಾಗ ಅಪ್ಪ ನನ್ನನ್ನು ನೋಡಿದರು. ನೋಡಿ, ತಲೆ ತಗ್ಗಿಸಿ ಗಡಿಯಾರ ನೋಡಿಕೊಂಡರು. ನನ್ನ ಪಕ್ಕದ ಗೆಳತಿ ಇದು ನಿಮ್ಮದೇ ಕಾರಲ್ಲವೇ ಎಂದು ಮರಾಠಿಯಲ್ಲಿ ಕೇಳಿದಳು. ನಾನು ಅಲ್ಲ ಎಂದೆ.

ಆ "ಅಲ್ಲ" ಎಂಬುದೇ ನನ್ನನ್ನು ಸುಟ್ಟಿತೋ ಏನೋ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಮ್ಮ ದೇವರ ಮುಂದೆ ಕೂತಿದ್ದಾಗ ನಾನು ಕೊಟ್ಟಿಗೆಗೆ ಹೋದೆ. ಹಿಂದೆ ಕುದುರೆಯ ಲಗಾಮು ತೂಗುಹಾಕುತ್ತಿದ್ದ ಮೊಳೆಯೊಂದು ಗೋಡೆಯಲ್ಲಿ ಸಡಿಲಾಗಿತ್ತು. ಅದನ್ನು ಕಿತ್ತು ಕಾರಿನಲ್ಲಿ ಅಪ್ಪ ಕೂರುವ ಕಡೆಯ ಬಾಗಿಲ ಮೇಲೆ ಗೀಚಿದೆ. ಗುಲಾಮ. ಮೂರೇ ಅಕ್ಷರ. ಕನ್ನಡದಲ್ಲಿ ಬರೆದರೆ ಮನೆಯವರದೇ ಕೆಲಸ ಎಂದು ತಿಳಿಯುತ್ತದೆ ಎಂದು ಮರಾಠಿಯಲ್ಲಿ ಬರೆದೆ. ಅಕ್ಷರಗಳ ಮೇಲೆ ತಲೆಗೆರೆಯನ್ನೂ ಎಳೆದೆ. ಸಿಟ್ಟಿನಲ್ಲೂ ಅಷ್ಟು ಜಾಣತನ ಉಳಿದಿತ್ತು ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬಣ್ಣ ಚಕ್ಕೆಚಕ್ಕೆಯಾಗಿ ಹಾರಿ ಒಳಗಿನ ತಗಡು ಬೆಳ್ಳಗೆ ಕಂಡಿತು.

ಮರುದಿನ ಬೆಳಗ್ಗೆ ಅದನ್ನು ಮೊದಲು ಕಂಡವರು ಡ್ರೈವರ್. ಅವರೇ ಬಂದು ಅಪ್ಪನನ್ನು ಕರೆದರು. ಅಪ್ಪ ಬಾಗಿಲ ಮುಂದೆ ತುಸು ಹೊತ್ತು ನಿಂತು, ಒಳಗೆ ಹೋಗಿ ಒಂದು ಹಳೆಯ ಪಂಚೆ ತಂದು ಅದರ ಮೇಲೆ ಹೊದಿಸಿದರು. ಕೂಗಾಡಲಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ, ಕೊಟ್ಟಿಗೆಯ ಕೀಲಿ ಇರುವುದು ತಮ್ಮ ಬಳಿ ಮತ್ತು ಡ್ರೈವರ್ ಬಳಿ ಮಾತ್ರ ಎಂಬುದು ಅವರ ತಲೆಗೆ ಬಂದಿತ್ತು. ಹಿಂದಿನ ಸಂಜೆ ಕೀಲಿ ಹಾಕುವ ಮೊದಲೇ ನಾನು ಹೋಗಿ ಬಂದದ್ದು ಯಾರಿಗೂ ಗೊತ್ತಿರಲಿಲ್ಲ. ಮೇಲಾಗಿ ಡ್ರೈವರನ ತಂಗಿಯ ಮಗ ಚಳವಳಿಯಲ್ಲಿ ಸೇರಿ ತಲೆಮರೆಸಿಕೊಂಡಿದ್ದ. ಆ ಹುಡುಗ ರಾತ್ರಿ ಮಾವನ ಮನೆಗೆ ಊಟಕ್ಕೆ ಬಂದು ಹೋಗುತ್ತಾನೆ ಎಂಬ ಮಾತಿತ್ತು. ತಾವು ಹೇಳಿಕಳಿಸುವವರೆಗೆ ಕೆಲಸಕ್ಕೆ ಬರುವುದು ಬೇಡ ಎಂದು ಅಪ್ಪ ಡ್ರೈವರನಿಗೆ ಹೇಳಿದರು. ಡ್ರೈವರ್ ಕೀಲಿಯನ್ನು ಮೇಜಿನ ಮೇಲಿಟ್ಟು, ಕೊರಳ ವಸ್ತ್ರ ಸರಿಮಾಡಿಕೊಂಡು ಹೋದರು. ನಾನು ಇಲ್ಲದ ಪಾಠ ಓದುತ್ತಿರುವವಳಂತೆ ಪುಸ್ತಕ ಹಿಡಿದು ಕೂತಿದ್ದೆ.

ಅಪ್ಪನ ಹತ್ತಿರ ಔಷಧಕ್ಕೆ ಬರುವ ಪೊಲೀಸ್ ಅಧಿಕಾರಿಯೊಬ್ಬರಿದ್ದರು. ಸುದ್ದಿ ಹೇಗೋ ಅವರ ಕಿವಿಗೆ ಬಿತ್ತು. ಯಾರ ಮೇಲೆ ಸಂಶಯವಿದೆಯೋ ಬರೆದುಕೊಡಿ, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ ಎಂದರಂತೆ. ಅಪ್ಪ ನಾಲ್ಕು ದಿನ ತಡೆಯಿರಿ ಎಂದರಂತೆ. ಇದನ್ನು ಅಮ್ಮ ಅಡಿಗೆಮನೆಯಲ್ಲಿ ಹೇಳಿದಾಗ ನಾನು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. ಡ್ರೈವರನ ಕೆಲಸ ಹೋಗುವುದು ಒಂದು. ಆ ಹುಡುಗ ಸಿಕ್ಕಿಬೀಳುವುದು ಇನ್ನೊಂದು…

ಪೇಂಟರ್ ಕಾಕಾ ಬಂದದ್ದು ಅದರ ಮರುದಿನ. ತಲೆಯ ಮೇಲೆ ಒಂದು ಕಟ್ಟಿಗೆಯ ಪೆಟ್ಟಿಗೆ, ಕೈಯಲ್ಲಿ ಕೆಂಡ ಹಾಕುವ ಕಬ್ಬಿಣದ ಶೇಗಡಿ. ಅಪ್ಪ ಪಂಚೆ ತೆಗೆದು, ಯಾರೋ ಏನೋ ಗೀಚಿದ್ದಾರೆ ಎಂದು ಬೇರೆ ಕಡೆ ನೋಡುತ್ತ ಹೇಳಿದರು. ಕಾಕಾ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತರು. ಹೆಬ್ಬೆರಳ ಉಗುರನ್ನು ಗೀರಿನೊಳಗೆ ಇಳಿಬಿಟ್ಟು ಮೇಲಿಂದ ಕೆಳಗೆ ಎಳೆದರು.

"ತಗಡಿನ ತನಕಾ ಇಳದೈತ್ರಿ. ಎರಡ ದಿನದ ಮಳಿಗೆ ತುಕ್ಕೂ ಹಿಡದೈತಿ. ವಾರ ಬೇಕು," ಎಂದರು.

ಮೇಲೆ ಒಂದು ಕೈ ಬಣ್ಣ ಬಳಿದು ಬೇಗ ಮುಗಿಸಲು ಆಗುವುದಿಲ್ಲವೇ, ಇದನ್ನು ಓದಿದವರು ಏನಂದಾರು ಎಂದು ಅಪ್ಪ ಕೇಳಿದರು. ಕಾಕಾ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

"ಮ್ಯಾಲ ಮ್ಯಾಲ ಬಳದ್ರ ಮುಂದಿನ ಮಳಿಗಾಲಕ್ಕ ಮತ್ತ ಏಳತಾವ್ರಿ ಸಾಹೇಬ್ರ. ಇನ್ನ ಓದೂ ಮಾತು… ನನಗ ಓದಾಕ ಬರಂಗಿಲ್ರಿ. ನನಗ ಗೀರು ಅಂದ್ರ ಗೀರು ಅಷ್ಟ."

ಅಪ್ಪನ ಮುಖದಲ್ಲಿ ಒಂದು ಬಿಗಿ ಸಡಿಲಾದದ್ದನ್ನು ನಾನು ಕೊಟ್ಟಿಗೆಯ ಬಾಗಿಲ ಮರೆಯಿಂದ ಕಂಡೆ.

ಕಾಲೇಜು ಇರಲಿಲ್ಲವಾದ್ದರಿಂದ ಕಾಕಾನಿಗೆ ಚಹಾ ಕೊಡುವ ಕೆಲಸ ನನ್ನದಾಯಿತು. ಕೊಟ್ಟ ಮೇಲೆ ಹಿಂದಿರುಗಲು ಮನಸ್ಸಾಗುತ್ತಿರಲಿಲ್ಲ. ನಾನು ಮಾಡಿದ್ದನ್ನು ಇನ್ನೊಬ್ಬರು ಅಳಿಸುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಮೊದಲು ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ಬಾಗಿಲನ್ನು ತೊಳೆದರು. ಸಣ್ಣ ಚೂರಿಯ ತುದಿಯಿಂದ ಗೀರಿನೊಳಗಿನ ತುಕ್ಕನ್ನು ಕೆರೆದರು. ಆಮೇಲೆ ಪೆಟ್ಟಿಗೆಯಿಂದ ತೂತು ತೂತಾದ, ನೀರಿನಲ್ಲಿ ತೇಲುವಷ್ಟು ಹಗುರವಾದ ಒಂದು ಕಲ್ಲನ್ನು ತೆಗೆದರು. ಗೀರಿನ ದಂಡೆ ಕಡಿದಾಗಿ ಇದ್ದರೆ ಒಳಗೆ ತುಂಬಿದ್ದು ನಿಲ್ಲುವುದಿಲ್ಲವಂತೆ. ದಂಡೆಯನ್ನು ಸುತ್ತಲೂ ಇಳಿಜಾರಾಗಿ ಉಜ್ಜಬೇಕು, ಕೆರೆಯ ದಂಡೆಯ ಹಾಗೆ.

ಉಜ್ಜುತ್ತ ಉಜ್ಜುತ್ತ ಅವರು ನನ್ನ ಕಡೆ ತಿರುಗಿದರು. "ಅಕ್ಕಾರ, ಕೈ ಖಾಲಿ ಇದ್ರ ಇದನ್ನಷ್ಟು ಉಜ್ರಿ. ನಾ ಅತ್ತಾಗ ಸಿಂಧೂರ ಕಲಸ್ಕೋತೇನಿ."

ಸಿಂಧೂರವೆಂದರೆ ತುಕ್ಕು ಹಿಡಿಯದಂತೆ ತಗಡಿಗೆ ಮೊದಲು ಹಚ್ಚುವ ಕೆಂಪು ಬಣ್ಣ. ನಾನು ಕಲ್ಲು ತೆಗೆದುಕೊಂಡು ಉಜ್ಜತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಬಣ್ಣ ಕಲಸುವ ಸಪ್ಪಳ ನಿಂತದ್ದು ಗೊತ್ತಾಯಿತು. ಕಾಕಾ ನನ್ನ ಕೈಯನ್ನು ನೋಡುತ್ತಿದ್ದರು.

ನಾನು ಎಡಚಿ. ಚಿಕ್ಕವಳಿದ್ದಾಗ ಅಮ್ಮ ಎಡಗೈಗೆ ಅರಿವೆ ಕಟ್ಟಿ ಬಲಗೈಯಲ್ಲಿ ಉಣ್ಣುವುದನ್ನು, ಬರೆಯುವುದನ್ನು ಕಲಿಸಿದ್ದಳು. ಚಹಾ ಕೊಡುವಾಗಲೂ ಬಲಗೈಯೇ. ಆದರೆ ಬಲ ಹಾಕಬೇಕಾದ ಕೆಲಸಕ್ಕೆ ಎಡಗೈ ತಾನಾಗಿಯೇ ಮುಂದೆ ಬರುತ್ತಿತ್ತು. ಅಂದು ಮೊಳೆ ಹಿಡಿದದ್ದೂ ಅದೇ ಕೈ, ಇಂದು ಕಲ್ಲು ಹಿಡಿದದ್ದೂ ಅದೇ.

"ಈ ಮ್ಯಾಲಿನ ಗೆರಿ ಬಲಕ್ಕಿಂದ ಎಡಕ್ಕ ಎಳದಾರ್ರಿ," ಎಂದರು ಕಾಕಾ, ಬರೀ ಕೆಲಸದ ಮಾತು ಆಡುವವರಂತೆ. "ಮೊಳಿ ಊರಿದಲ್ಲೆ ಆಳ ಇರ್ತೈತಿ. ಬಿಡೂ ಮುಂದ ತೆಳ್ಳಗಾಕ್ಕೈತಿ."

ನಾನು ನೋಡಿದೆ. ತಲೆಗೆರೆಯ ಬಲತುದಿಯಲ್ಲಿ ಜೋಳದ ಕಾಳು ಕೂರುವಷ್ಟು ಗುಳಿ. ಎಡತುದಿ ಕೂದಲಿನಷ್ಟು ಸಣ್ಣ. ಮರಾಠಿ ಬರೆಯುವವರಲ್ಲಿ ನೂರಕ್ಕೆ ತೊಂಬತ್ತೈದು ಜನ ಆ ಗೆರೆಯನ್ನು ಎಡದಿಂದ ಬಲಕ್ಕೆ ಎಳೆಯುತ್ತಾರೆ, ತಿರುವಾಗಿ ಎಳೆಯುವುದು ಎಡಗೈ.

ನನ್ನ ಕೈ ನಿಂತುಬಿಟ್ಟಿತು. ಕಾಕಾ ಎದ್ದು ಬಂದು ಕಲ್ಲನ್ನು ನನ್ನಿಂದ ತೆಗೆದುಕೊಂಡು, ನೀರಿನಲ್ಲಿ ಅದ್ದಿ, ಮತ್ತೆ ನನ್ನ ಎಡಗೈಯಲ್ಲೇ ಇಟ್ಟರು. "ಉಜ್ರಿ, ನಿಲ್ಲಸಬ್ಯಾಡ್ರಿ. ಒಂದ ಕಡೆ ನಿಂತ್ರ ತೆಗ್ಗು ಬೀಳ್ತೈತಿ."

ಅಂದಿನಿಂದ ಮೂರು ದಿನ ನನಗೆ ಊಟ ರುಚಿಸಲಿಲ್ಲ. ಅವರು ಅಪ್ಪನ ಮುಂದೆ ಬಾಯಿ ತೆರೆದಾಗಲೆಲ್ಲ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ. ಅವರು ಕೇಳುತ್ತಿದ್ದುದು ಇನ್ನೊಂದು ಬುಟ್ಟಿ ಇದ್ದಿಲು ಬೇಕು ಎಂದೋ, ಕೊಟ್ಟಿಗೆಯ ಸೋರುವ ಹಂಚನ್ನು ಸರಿಪಡಿಸಬೇಕು ಎಂದೋ. ಕೆಂಪು ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿ ಪುಟ್ಟಿ ಮಾಡಿದರು. ಅಮ್ಮ ಹೋಳಿಗೆಯ ಕಣಕ ನಾದುವುದಕ್ಕಿಂತ ಹೆಚ್ಚು ಹೊತ್ತು ನಾದಿದರು. ಅದನ್ನು ಒಮ್ಮೆಗೇ ತುಂಬುವಂತಿಲ್ಲ. ಕಾಗದದಷ್ಟು ತೆಳ್ಳಗೆ ಒಂದು ಪದರ, ಅದು ಒಣಗಿದ ಮೇಲೆ ಉಜ್ಜಿ ಇನ್ನೊಂದು. ಮಳೆಯ ತಂಪಿಗೆ ಒಣಗುವುದು ತಡವಾದ್ದರಿಂದ ಒಂದು ಮೊಳ ದೂರದಲ್ಲಿ ಶೇಗಡಿಯ ಕೆಂಡ ಇಟ್ಟು, ಆಗಾಗ ಬಾಗಿಲಿಗೆ ಕೆನ್ನೆ ಹಚ್ಚಿ ಬಿಸಿ ಎಷ್ಟೆಂದು ನೋಡುತ್ತಿದ್ದರು. ಯುದ್ಧದ ಕಾಲ, ಒಳ್ಳೆಯ ಬಣ್ಣ ಪೇಟೆಯಲ್ಲಿ ಇರಲಿಲ್ಲ. ತಾವು ಎರಡು ವರ್ಷದಿಂದ ಕಾಯ್ದಿಟ್ಟ ಒಂದು ಡಬ್ಬಿಯನ್ನು ತಂದಿದ್ದರು. ನಮ್ಮ ಕಾರಿನ ಕಪ್ಪು ಬರೀ ಕಪ್ಪಲ್ಲ, ಒಳಗೆ ಒಂದು ಚೂರು ನೀಲಿ ಇದೆ ಎಂದು ಅವರು ತೋರಿಸುವವರೆಗೆ ನಾವ್ಯಾರೂ ಅದನ್ನು ಕಂಡಿರಲಿಲ್ಲ.

ನಾಲ್ಕನೆಯ ದಿನ ಚಹಾ ಕುಡಿಯುತ್ತ ಅವರು ಕೇಳದೆಯೇ ಹೇಳಿದರು.

"ಡ್ರೈವರಣ್ಣ ದಿನಾ ಮುಂಜಾನೆ ನನ್ನ ಶೆಡ್ಡಿಗೆ ಬಂದು ಕುಂದರ್ತಾನ್ರಿ. ಮನ್ಯಾಗ ಹೆಂಡ್ತಿಗಿ ಹೇಳಿಲ್ಲ, ಕೆಲಸಕ್ಕ ಹೋಗ್ತೇನಿ ಅಂತ ಬರ್ತಾನ. ಕೈ ಸುಮ್ನ ಇರಂಗಿಲ್ಲ ಅವಗ. ನಿನ್ನಿ ನನ್ನ ಬಣ್ಣದ ಡಬ್ಬಿ ಎಲ್ಲಾ ಆ ಕೊರಳ ವಸ್ತ್ರದಾಗ ಒರಿಸಿ ಸಾಲಾಗಿ ಇಟ್ಟ."

ನಾನು ಕಂಬಕ್ಕೆ ಆತು ನಿಂತಿದ್ದೆ. "ಅಪ್ಪಗ ಹೇಳ್ತೀರೇನ್ರಿ ಕಾಕಾ?" ಎಂದೆ.

"ನನಗೇನ ಗೊತ್ತೈತ್ರಿ ಹೇಳಾಕ? ನಾ ಗೀರು ನೋಡೇನಿ." ಬಟ್ಟಲು ಕೆಳಗಿಟ್ಟರು. ಆ ತನಕ ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದವರು ಅಂದು ಒಂದೇ ಸಲ ಬೇರೆ ಕರೆದರು. "ಬಣ್ಣ ನಾ ಹಚ್ಚಿಕೊಡ್ತೇನಿ ತಂಗಿ. ಈ ಬಾಗಲಾ ತಗದು ಸಾಹೇಬ್ರನ್ನ ಒಳಗ ಕುಂದ್ರಸಾಕ ಯಾರ ಬರಬೇಕೋ, ಅವನ್ನ ಕರಕೊಂಡ ಬರೂದು ನನ್ನ ಕೈಲೆ ಆಗಂಗಿಲ್ಲ."

ಅಷ್ಟೇ. ಅವರು ಮತ್ತೆ ಪುಟ್ಟಿಯ ಕಡೆ ತಿರುಗಿದರು.

ಮರುದಿನ ಬೆಳಗ್ಗೆ ನಾನು ದವಾಖಾನೆಗೆ ಹೋದೆ. ರೋಗಿಗಳು ಇನ್ನೂ ಬಂದಿರಲಿಲ್ಲ. ಅಪ್ಪ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮೇಜಿನ ಮೇಲೆ ಒಂದು ಬಿಳಿ ಹಾಳೆ, ಅದರ ಮೇಲೆ ತಾರೀಖು ಮಾತ್ರ ಬರೆದಿತ್ತು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಹೇಳುವಾಗ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಅಪ್ಪ ಕನ್ನಡಕ ಹಾಕಿಕೊಳ್ಳದೆ ನನ್ನನ್ನು ನೋಡಿದರು. ಕನ್ನಡಕವಿಲ್ಲದೆ ಅವರಿಗೆ ನನ್ನ ಮುಖ ಮಸುಕಾಗಿ ಕಂಡಿರಬೇಕು.

"ಬರದದ್ದು ಪೂರಾ ಸುಳ್ಳಂತ ನಾ ಅನ್ನೂದಿಲ್ಲ," ಎಂದರು. "ಆದ್ರ ಅದನ್ನ ನನ್ನ ಮುಖಾ ನೋಡಿ ಅನ್ನಬೇಕಿತ್ತು ನೀನು. ಆ ಮನಷ್ಯಾ ಆರು ದಿನಾ ಕೆಲಸಿಲ್ಲದ ಕೂತಾನ."

ಅವರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಚಪ್ಪಲಿ ಹಾಕ್ಕೊ. ಹೋಗೋಣ."

ಡ್ರೈವರ್ ಈಗ ಪೇಂಟರ್ ಕಾಕಾನ ಶೆಡ್ಡಿನಲ್ಲಿ ಇರುತ್ತಾರೆ ಎಂದೆ ನಾನು. ಅದು ನನಗೆ ಹೇಗೆ ಗೊತ್ತಾಯಿತು ಎಂದು ಅಪ್ಪನಿಗೆ ಕೇಳಬೇಕೆನಿಸಿರಬಹುದು, ಕೇಳಲಿಲ್ಲ. ನಾನಾ ಪೇಠೆಯವರೆಗೆ ಇಬ್ಬರೂ ಒಂದೇ ಕೊಡೆಯಲ್ಲಿ ನಡೆದೆವು. ಡ್ರೈವರ್ ಶೆಡ್ಡಿನ ಬಾಗಿಲಲ್ಲಿ ಕೂತು ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ನಮ್ಮನ್ನು ಕಂಡು ಗಾಬರಿಯಿಂದ ಎದ್ದರು. ಅಪ್ಪ ಅವರನ್ನು ಕೂರಿಸಿ, ತಾವೂ ಪಕ್ಕದ ಡಬ್ಬಿಯ ಮೇಲೆ ಕೂತರು. ಮಾತು ನಾನೇ ಆಡಬೇಕೆಂದು ನನ್ನ ಕಡೆ ನೋಡಿದರು. ಗೀಚಿದವಳು ನಾನು, ನಿಮ್ಮ ಮೇಲೆ ಅಪವಾದ ಬಂದಾಗ ಸುಮ್ಮನೆ ಇದ್ದವಳೂ ನಾನೇ, ಕ್ಷಮಿಸಬೇಕು ಎಂದು ಮರಾಠಿಯಲ್ಲಿ ಹೇಳಿದೆ. ಆಮೇಲೆ ಅಪ್ಪನೂ ಕೈ ಜೋಡಿಸಿದರು. ಅಪ್ಪ ಕೈ ಜೋಡಿಸಿದ್ದನ್ನು ನಾನು ದೇವರ ಮುಂದೆ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

ಡ್ರೈವರ್ ಕೈಯಲ್ಲಿದ್ದ ಕುಂಚವನ್ನು ಎರಡು ಸಲ ಕೊಡವಿದರು. ಕೊನೆಗೆ ಅವರು ಕೇಳಿದ್ದು ಒಂದೇ ಮಾತು. ಬಣ್ಣ ಒಣಗಿದೆಯೇ? ಒಣಗುವ ಮೊದಲು ಮಳೆಯಲ್ಲಿ ಕಾರನ್ನು ಹೊರಗೆ ತೆಗೆಯುವುದು ಬೇಡ. ಹಾಗೆಂದು ಟೊಪ್ಪಿಗೆ ಹಾಕಿಕೊಂಡು ನಮ್ಮ ಜೊತೆ ಹೊರಟರು. ಆದರೆ ಅವರು ಮೊದಲಿನಂತೆ ನನ್ನ ಜೊತೆ ನಗುತ್ತ ಮಾತಾಡಲು ಮತ್ತೊಂದು ದೀಪಾವಳಿ ದಾಟಬೇಕಾಯಿತು. ಅದು ನ್ಯಾಯವಾಗಿಯೇ ಇತ್ತು.

ನಾವು ಕೊಟ್ಟಿಗೆಗೆ ಬಂದಾಗ ಪೇಂಟರ್ ಕಾಕಾ ತಲೆ ಎತ್ತಿ ಮೂವರನ್ನೂ ನೋಡಿದರು. ಡ್ರೈವರನಿಗೆ "ಬಾರಪ್ಪಾ, ಆ ಬುಟ್ಟಿ ಇತ್ಲಾಗ ಹಿಡಿ," ಎಂದರು. ಅಪ್ಪ ಕೇಳಿಯೇಬಿಟ್ಟರು, ನಿಮಗೆ ಮೊದಲೇ ಗೊತ್ತಿತ್ತೇ ಎಂದು. ತಮಗೆ ಓದಲು ಬರುವುದಿಲ್ಲವಲ್ಲ ಎಂದು ಕಾಕಾ ಮತ್ತೆ ಅದನ್ನೇ ಹೇಳಿದರು.

ಕೊನೆಯ ದಿನ ವಾರ್ನಿಷ್. ಧೂಳು ಏಳದಂತೆ ಕೊಟ್ಟಿಗೆಯ ನೆಲಕ್ಕೆಲ್ಲ ನೀರು ಚಿಮುಕಿಸಿ, ಅಂಗಿಯ ಎಳೆ ಬೀಳಬಾರದೆಂದು ಬರಿಮೈಯಲ್ಲಿ ಕೂತು, ಉಸಿರು ಬಿಗಿಹಿಡಿದು ಒಂದೇ ಬೀಸಿನಲ್ಲಿ ಮೇಲಿಂದ ಕೆಳಗೆ ಕುಂಚ ಎಳೆಯುತ್ತಿದ್ದರು. ಎರಡು ದಿನ ಬಿಟ್ಟು ಬಂದು ನನ್ನನ್ನು ಕರೆದು, ಕಣ್ಣು ಮುಚ್ಚಿ ಕೈ ಆಡಿಸಲು ಹೇಳಿದರು. ಎಷ್ಟು ಆಡಿಸಿದರೂ ಅಕ್ಷರ ಇದ್ದ ಜಾಗ ಸಿಗಲಿಲ್ಲ. ನಿಮಗೆ ಕಾಣುತ್ತದೆಯೇ ಎಂದು ಕೇಳಿದೆ. "ನನಗ ಕಾಣ್ತೈತ್ರಿ," ಎಂದು ನಕ್ಕರು.

ಅಪ್ಪ ಕ್ಯಾಂಪಿಗೆ ಹೋಗುವುದನ್ನು ಬಿಡಲಿಲ್ಲ. ನಾನು ಮೆರವಣಿಗೆಗೆ ಹೋಗುವುದನ್ನು ಬಿಡಲಿಲ್ಲ. ಆದರೆ ಅಲ್ಲಿಂದ ಮುಂದೆ ನಾವಿಬ್ಬರೂ ಊಟಕ್ಕೆ ಕೂತಾಗ ಎದುರಾಬದುರು ಜಗಳ ಆಡುತ್ತಿದ್ದೆವು. ಅಮ್ಮ ಸಾರು ಆರಿಹೋಯಿತು ಎಂದು ಗೊಣಗುತ್ತಿದ್ದಳು. ನನ್ನ ಬದುಕಿನ ಒಳ್ಳೆಯ ಜಗಳಗಳು ಅವು.

ನಲವತ್ತೇಳರ ಆಗಸ್ಟಿನಲ್ಲಿ ನಮ್ಮ ಓಣಿಯ ಬಾಯಿಗೆ ಕಮಾನು ಕಟ್ಟಿದರು. ನಾನು ಹಾಲು ತರಲು ಹೋದಾಗ ಏಣಿಯ ಮೇಲೆ ಪೇಂಟರ್ ಕಾಕಾ ನಿಂತು, ಕೇಸರಿ ಬಣ್ಣದಲ್ಲಿ ಮೊಳದುದ್ದದ ಮರಾಠಿ ಅಕ್ಷರಗಳನ್ನು ಬರೆಯುತ್ತಿದ್ದರು. ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆದು ಮುಗಿಸಿದ್ದರು. ಒಂದು ಕಾಗುಣಿತವೂ ತಪ್ಪಿರಲಿಲ್ಲ. ಸೀಸಕಡ್ಡಿಯ ಗುರುತೂ ಇಲ್ಲದೆ, ಮಗ್ಗುಲಲ್ಲಿ ಇಟ್ಟುಕೊಂಡ ಚೀಟಿಯೂ ಇಲ್ಲದೆ ಬರೆಯುತ್ತಿದ್ದರು. ನಾನು ಕೆಳಗೆ ನಿಂತು ಮೇಲೆ ನೋಡುತ್ತಲೇ ಇದ್ದೆ. ಅವರಿಗೆ ಯಾರೋ ನಿಂತಿದ್ದು ತಿಳಿದು ಬಗ್ಗಿ ನೋಡಿದರು. ನಾನು ಏನನ್ನು ನೆನೆದೆ ಎಂದು ಅವರಿಗೆ ಗೊತ್ತಾಯಿತು.

"ಬರಿಯಾಕ ಬರ್ತೈತ್ರಿ ಅಕ್ಕಾರ," ಎಂದರು. "ಓದೂದು ಬೇಕಾದಾಗ ಅಷ್ಟ."

ನಾನು ಅಲ್ಲಿಯೇ ಹಾಲಿನ ತಂಬಿಗೆ ಹಿಡಿದು ನಗುತ್ತಲೇ ಅತ್ತುಬಿಟ್ಟೆ.

ಅದಾದ ಮೇಲೆ ಅವರನ್ನು ಕಂಡದ್ದು ಒಂದೇ ಸಲ. ಮದುವೆಯಾಗಿ ಬೆಳಗಾವಿಗೆ ಹೋದವಳು ಬಾಣಂತನಕ್ಕೆ ಬಂದಿದ್ದೆ. ಮಗುವನ್ನು ಎತ್ತಿಕೊಂಡು ಶೆಡ್ಡಿಗೆ ಹೋದೆ. ಕೆಲಸ ನಿಂತಿತ್ತು. ಬಣ್ಣದಲ್ಲಿನ ಸೀಸ ಮೈಗೆ ಇಳಿದಿದೆ ಎಂದು ಅಪ್ಪನೇ ಪರೀಕ್ಷೆ ಮಾಡಿ ಹೇಳಿದ್ದರಂತೆ. ಬಲಗೈಯ ಮಣಿಕಟ್ಟು ಸೋತು ಜೋತುಬಿದ್ದು, ಬಟ್ಟಲು ಎತ್ತಿದರೆ ಚಹಾ ಚೆಲ್ಲುತ್ತಿತ್ತು. ಮಗುವಿನ ಮುಂದೆ ಬೆರಳು ಆಡಿಸಿದರು. ಮಗು ಎಡಗೈ ಚಾಚಿ ಆ ಬೆರಳು ಹಿಡಿಯಿತು. ಕಾಕಾ ನನ್ನನ್ನು ನೋಡಿ, ಇದಕ್ಕೆ ಅರಿವೆ ಕಟ್ಟಬೇಡಿ ಎಂದರು. ನಾನು ಕಟ್ಟಲಿಲ್ಲ… ಒಂದೆರಡು ವರ್ಷದ ಮೇಲೆ ಅಪ್ಪ ಬರೆದ ಕಾಗದದ ಕೊನೆಯಲ್ಲಿ, ಪೇಂಟರ್ ಹೋದ ಎಂದು ಒಂದು ಸಾಲು ಇತ್ತು. ಕಾರನ್ನು ಅದೇ ವರ್ಷ ಅಹ್ಮದನಗರದವರಿಗೆ ಕೊಟ್ಟರು. ಅಲ್ಲಿಯವರೆಗೆ ಆ ಬಾಗಿಲಲ್ಲಿ ಏನೂ ಎದ್ದು ಬರಲಿಲ್ಲ.

ಹೋದ ವಾರ ಮೊಮ್ಮಗಳನ್ನು ಜೊತೆ ಮಾಡಿಕೊಂಡು ರಿಕ್ಷಾದಲ್ಲಿ ನಾನಾ ಪೇಠೆಗೆ ಹೋಗಿ ಬಂದೆ. ಆ ಗಲ್ಲಿ ಎಂದು ನಾನು ನಂಬಿದ ಕಡೆ ಈಗ ಸಾಲಾಗಿ ಮೋಟಾರು ಸಾಮಾನಿನ ಅಂಗಡಿಗಳು. ಟಯರು, ಹಾರ್ನು, ಕನ್ನಡಿ. ನಾನು ಅತ್ತಿತ್ತ ನೋಡುತ್ತ ನಿಂತಿದ್ದನ್ನು ಕಂಡು ಒಬ್ಬ ಅಂಗಡಿಯವ ಸ್ಟೂಲು ಹಾಕಿಕೊಟ್ಟ. ಬಹಳ ಹಿಂದೆ ಇಲ್ಲಿ ಗಾಡಿಗಳಿಗೆ ಬಣ್ಣ ಹಚ್ಚುವವರೊಬ್ಬರು ಇದ್ದರು ಎಂದೆ. ತನ್ನ ಅಜ್ಜನಿಗೆ ತೊಂಬತ್ತು ವರ್ಷ, ಹಳಬರೆಲ್ಲ ನೆನಪಿದ್ದಾರೆ, ಮೇಲೆಯೇ ಇದ್ದಾನೆ, ಕೇಳಿ ಬರುತ್ತೇನೆ ಎಂದು ಅವನು ಉತ್ಸಾಹದಿಂದ ಎದ್ದ. ಎರಡು ಮೆಟ್ಟಿಲು ಹತ್ತಿ ತಿರುಗಿ ನಿಂತು, ಅವರ ಹೆಸರೇನು ಆಜಿ ಎಂದು ಕೇಳಿದ.

ನಾನು ಬಾಯಿ ತೆರೆದೆ. ಮೊಮ್ಮಗಳು ನನ್ನ ಮುಖ ನೋಡಿದಳು. ಹುಡುಗ ಕಾಯುತ್ತ ನಿಂತಿದ್ದ. ಅವರ ಊರು ಗೊತ್ತಿತ್ತು, ಕೈ ಗೊತ್ತಿತ್ತು, ಕುಂಚ ಹಿಡಿಯುವಾಗ ಕಿರುಬೆರಳು ಎಲ್ಲಿರುತ್ತಿತ್ತು ಎಂಬುದೂ ಗೊತ್ತಿತ್ತು. ಹೆಸರನ್ನು ನಾವು ಯಾರೂ ಒಮ್ಮೆಯೂ ಕೇಳಿರಲಿಲ್ಲ.